ಗೋಡೆಯೊಳಗಿನ ತಂಪು

ರಾಯಚೂರಿನ ಉರಿಬಿಸಿಲಲ್ಲೂ ಬಸಲಿಂಗಮ್ಮನ ಹೊಸ ಮನೆ ತಂಪಾಗಿರುತ್ತಿತ್ತು; ಆದರೆ ಮೀಟರು ಅಷ್ಟಾಗಿ ಓಡುತ್ತಿರಲಿಲ್ಲ. ಕರೆಂಟು ಕದಿಯುತ್ತಿದ್ದಾಳೆಂಬ ಅನುಮಾನದಿಂದ ತನಿಖೆಗೆ ಅಧಿಕಾರಿಯೊಬ್ಬ ಬಂದ.

“ಎಸಿ ಎಲ್ಲಿ ಮುಚ್ಚಿಟ್ಟೀರಿ?”

“ಎಸಿ ಇಲ್ರೀ ಸಾಹೇಬ್ರ. ಕಾಂಕ್ರೀಟ್ ಗ್ವಾಡಿ ಒಳಗ ಥರ್ಮಾಕೋಲ್ ತುಂಬಿಸೀವಿ. ಬಿಸಿಲು ಒಳಗ ಬರಂಗಿಲ್ಲ.”

“ಈ ಕತಿ ಬ್ಯಾಡ. ಕಳವು ಸಿಕ್ಕರ ಲೈನ್ ಕಟ್ ಮಾಡ್ತೀನಿ.”

ಅವನು ಮಂಚದ ಕೆಳಗೆ, ಅಟ್ಟದ ಮೇಲೆ, ದೇವರ ಕೋಣೆಯಲ್ಲೆಲ್ಲ ಕಳ್ಳ ತಂತಿ ಹುಡುಕಿದ. ಸುಸ್ತಾಗಿ ಗೋಡೆಗೆ ಒರಗಿ ಕೂತವನಿಗೆ ಅಲ್ಲೇ ನಿದ್ದೆ ಹತ್ತಿತು. ಎದ್ದಾಗ ಸಂಜೆಯಾಗಿತ್ತು.

“ಏನೂ ಸಿಗಲಿಲ್ಲಲ್ರೀ. ತನಿಖಿ ಮುಗೀತೇನ್ರೀ?” ಬಸಲಿಂಗಮ್ಮ ಅಂಜುತ್ತ ಕೇಳಿದಳು.

“ಹ್ಯಾಂಗ ಮುಗೀತದ್ರೀ? ಅನುಮಾನ ಇನ್ನೂ ಅದ,” ಎಂದು ಅವನು ಗಂಭೀರವಾಗಿ ಹೇಳಿದ. “ನಾಳಿ ಹೆಂಡ್ತಿ ಮಕ್ಕಳನ್ನ ಸಾಕ್ಷಿಗೆ ಕರಕೊಂಡು ಬರ್ತೀನಿ. ಮಳಿಗಾಲದತನಕ ಚಾಪಿ ಹಾಸೇ ಇಡ್ರಿ.”