ದೇವರ ಮುಂದಿಟ್ಟ ಕೀ

"ಒಬ್ಬಳೇ ಕಾರಲ್ಲಿ ಊರೂರು ಸುತ್ತುತ್ತೀಯಾ? ಮೊದಲನೇ ದಿನಾನೇ ಏನಾದ್ರೂ ಎಡವಟ್ಟು ಮಾಡ್ಕೋತೀಯ, ನೋಡ್ತಿರು," ಎಂದು ಅಕ್ಕ ಭವಿಷ್ಯ ನುಡಿದಿದ್ದಳು.

ಅದಕ್ಕೇ ಆಕೆ ಬಾಡಿಗೆ ಕಾರನ್ನು ಊರಾಚೆಯ ಆಂಜನೇಯನ ಗುಡಿ ಮುಂದೆ ನಿಲ್ಲಿಸಿದಳು. ಅಲ್ಲಿ ತನ್ನದರಂಥದೇ ಹೊಚ್ಚ ಹೊಸ ಬಿಳಿ ಕಾರೊಂದಕ್ಕೆ ಪೂಜೆ ನಡೆದಿತ್ತು. ಅದನ್ನು ಕೊಂಡ ದಂಪತಿ ಗುಡಿಗೆ ಪ್ರದಕ್ಷಿಣೆ ಹಾಕುತ್ತಿದ್ದರು.

"ನಂದು ಬಾಡಿಗೆ ಕಾರು, ಅದಕ್ಕೂ ಒಂದು ಮಂಗಳಾರತಿ ಆಗಲಿ ಸ್ವಾಮಿ," ಎಂದು ಅರ್ಚಕರತ್ತ ಕೀ ಚಾಚಿದಳು.

"ಬಾಡಿಗೆ ಕಾರಿಗೂ ಪೂಜೆನೇನಮ್ಮಾ?"

"ಕಾರು ಬಾಡಿಗೆಯದಾದ್ರೇನು, ಓಡಿಸೋಳು ನಾನೇ ಅಲ್ವಾ?"

ಅರ್ಚಕರು ನಗುತ್ತ ಅವಳ ಕೀಯನ್ನೂ ಹೊಸ ಕಾರಿನ ಕೀ ಇದ್ದ ತಟ್ಟೆಯಲ್ಲಿಟ್ಟು, ದೇವರ ಪಾದಕ್ಕೆ ಮುಟ್ಟಿಸಿ, ಹೂವು ಕುಂಕುಮದ ಜೊತೆ ಕೀ ಕೈಗಿತ್ತರು.

ಹೊರಗೆ ಬಂದು ಕೀ ಒತ್ತಿದರೆ ಕಾರು ಕಣ್ಣು ಮಿಟುಕಿಸಿತು. ಮುಂದೆ ಚೆಂಡುಹೂವಿನ ಹಾರ! ಕಣ್ಮುಚ್ಚಿ ಬೇಡಿಕೊಳ್ಳುವಷ್ಟರಲ್ಲಿ ಹಾರವನ್ನೂ ಹಾಕಿಸಿದ್ದಾರೆ, ಪುಣ್ಯಾತ್ಮರು! ಚಕ್ರದಡಿ ನಿಂಬೆಹಣ್ಣು ಪಚಕ್ಕೆಂದಿತು.

ಪೂಜೆಯ ಮಹಿಮೆ ಅಂದರೆ ಇದು. ಬೆಳಿಗ್ಗೆ ಗೊರಗೊರ ಎನ್ನುತ್ತಿದ್ದ ಗೇರು ಈಗ ಬೆಣ್ಣೆಯಂತೆ ಬೀಳುತ್ತಿತ್ತು. ಆಕೆ ಗಂಟಲು ಬಿಟ್ಟು ಹಾಡಿದಳು. ದಾರಿಯ ಎಮ್ಮೆಗಳಿಗೆಲ್ಲ ಟಾಟಾ ಮಾಡಿದಳು. ನಲವತ್ತು ಕಿಲೋಮೀಟರ್ ದಾಟಿ, ಎಳನೀರು ಕುಡಿಯುತ್ತ ಅಕ್ಕನಿಗೆ ಫೋನ್ ಮಾಡಿದಳು.

"ನೋಡು, ಒಂದು ಎಡವಟ್ಟೂ ಇಲ್ಲ!"

ಫೋನ್ ಇಟ್ಟ ಕೂಡಲೇ ಬಾಡಿಗೆ ಕಾರು ಕೊಟ್ಟವನ ಕರೆ ಬಂತು.

"ಮೇಡಂ, ಕಾರಿನ ಮೇಲಿರೋ ನಮ್ಮ ಫೋನ್ ನಂಬರ್ ನೋಡಿ ಅರ್ಚಕರು ಕರೆ ಮಾಡಿದ್ರು. ನಮ್ಮ ಕಾರು ಇನ್ನೂ ಗುಡಿ ಮುಂದೇನೇ ನಿಂತಿದೆಯಂತಲ್ಲ! ಹಾರ ಹಾಕಿದ್ದ ಹೊಸ ಕಾರು ಕಾಣ್ತಿಲ್ಲ ಅಂತ ಅಲ್ಲಿ ಗಂಡ ಹೆಂಡತಿ ಗೋಳಾಡ್ತಿದ್ದಾರಂತೆ. ನೀವೆಲ್ಲಿದ್ದೀರಿ?"