ಆರಡಿ ಆಚೆಯ ಗೆಳತಿ

ಲಾಕ್‌ಡೌನಿಗೆ ನಲವತ್ತು ವರ್ಷ ತುಂಬಿದ ಸೋಮವಾರವೂ ಗುರುಬಸವ್ವ ರೇಷನ್ ಅಂಗಡಿಯ ಮುಂದೆ ತನ್ನ ಸುಣ್ಣದ ವೃತ್ತದೊಳಗೆ ಬಂದು ನಿಂತಳು. ಅದು ಅತ್ತೆಯಿಂದ ಬಂದ ವೃತ್ತ. ಮದುವೆಯ ಮಾತುಕತೆಯಲ್ಲೇ ಅವಳ ಹೆಸರಿಗೆ ಬರೆಸಿಕೊಂಡಿದ್ದರು. ಪ್ರತಿ ಅಮಾವಾಸ್ಯೆಗೂ ತಾನೇ ಅದಕ್ಕೆ ಸುಣ್ಣ ಬಳಿಯುತ್ತಿದ್ದಳು. ಆರಡಿ ಆಚೆಯ ವೃತ್ತ ಖೈರುನ್‌ಬಿಯದು. ಊರು ತೆರೆಯಬೇಕೆಂದು ಗುರುಬಸವ್ವ, ಕೂಡದೆಂದು ಖೈರುನ್‌ಬಿ, ವಾರಕ್ಕೊಮ್ಮೆ ಇಲ್ಲಿ ನಿಂತು ಗಂಟಲು ಹರಿದುಕೊಳ್ಳುತ್ತಿದ್ದರು. ಜಗಳದ ನಡುವೆಯೇ ಮಕ್ಕಳ ಜ್ವರ, ಉಪ್ಪಿನಕಾಯಿಗೆ ಹಾಕಿದ ಉಪ್ಪು ಎಲ್ಲವನ್ನೂ ವಿಚಾರಿಸಿಕೊಳ್ಳುತ್ತಿದ್ದರು.

ಅಷ್ಟರಲ್ಲಿ ಪಂಚಾಯ್ತಿಯ ನಿಂಗಪ್ಪ ಬಕೆಟ್ಟು, ಕಸಬರಿಗೆ ಹಿಡಿದು ಬಂದ.

“ಊರು ತೆರಿಯೋ ಓಟು ಎಣಿಸಿದ್ರು, ಓಪನ್ ಆತು. ಸ್ವಲ್ಪ ಸರೀರಿ, ರೌಂಡು ಅಳಸ್ಬೇಕು,” ಎಂದ.

“ನೀನೇ ಗೆದ್ದಿ ನೋಡಕ್ಕಾ,” ಎನ್ನುತ್ತ ಖೈರುನ್‌ಬಿ ತನ್ನ ವೃತ್ತ ದಾಟಿ ನೇರ ಬಂದು ಗುರುಬಸವ್ವನ ಕೈ ಹಿಡಿದುಕೊಂಡಳು.

ಇಷ್ಟು ಹತ್ತಿರದಿಂದ ಆ ಮುಖವನ್ನು ಕಂಡದ್ದು ಇದೇ ಮೊದಲು. ಗುರುಬಸವ್ವ ಮೆಲ್ಲಗೆ ಕೈ ಬಿಡಿಸಿಕೊಂಡು, ಎಣಿಸಿ ಮೂರು ಹೆಜ್ಜೆ ಹಿಂದಕ್ಕೆ ಸರಿದು ನಿಂತಳು.

“ಹಾಂ, ಈಗ ಹೇಳು ಖೈರೂ,” ಎಂದು ಎಂದಿನಂತೆ ಕೂಗಿದಳು. “ಮೊಣಕಾಲು ನೋವು ಹ್ಯಾಂಗೈತಿ?”