ಪಿಂಚಣಿಯ ದೊಡ್ಡಮ್ಮ

ಪತ್ರಾಗಾರದಲ್ಲಿ ಸಿಕ್ಕ ಅಮ್ಮನ ಪಿಂಚಣಿ ಕಡತದಲ್ಲಿ ‘ಮರುಮದುವೆ ಇಲ್ಲ, ಮಕ್ಕಳಿಲ್ಲ’ ಎಂದು ಬರೆದಿದೆ. ಅದನ್ನು ಓದುತ್ತಿರುವವನು ಅವಳ ಮಗ.

ಅಮ್ಮನ ಮೊದಲ ಗಂಡ ಯುದ್ಧದಲ್ಲಿ ಸತ್ತಿದ್ದ. ನಮ್ಮವರಲ್ಲಿ ವಿಧವೆ ಮತ್ತೆ ಮದುವೆಯಾಗುವುದು ರೂಢಿ, ಅಮ್ಮನೂ ಆಗಿದ್ದಳು. ಆದರೆ ಸರ್ಕಾರಕ್ಕೆ ಗೊತ್ತಾದರೆ ಪಿಂಚಣಿ ನಿಲ್ಲುತ್ತಿತ್ತು. ಒಂದು ಮಧ್ಯಾಹ್ನ ವಿಚಾರಣೆಗೆಂದು ಅಧಿಕಾರಿಯೊಬ್ಬ ಕೊಟ್ಟಾರದ ನಮ್ಮ ಮನೆಗೆ ಬಂದ. ಅವನ ತಲೆಯ ಮೇಲೆ ಖಾಕಿ ಟೊಪ್ಪಿ ಇತ್ತೆಂದು ನೆನಪು. ಅದನ್ನು ನಾನು ಆಮೇಲೆ ಸೇರಿಸಿಕೊಂಡಿರಲೂಬಹುದು.

ಅಪ್ಪನನ್ನು ಬೆಳಿಗ್ಗೆಯೇ ತೊಕ್ಕೊಟ್ಟಿಗೆ ಕಳಿಸಿಯಾಗಿತ್ತು. “ಅಮ್ಮ ಅಂತ ಬಾಯಿ ಬಿಟ್ಟರೆ ನಾಳೆಯಿಂದ ಗಂಜಿಯೂ ಇಲ್ಲ ಮಗಾ,” ಎಂದು ಅಜ್ಜಿ ನನಗೆ ಹೇಳಿದ್ದಳು. “ಇವತ್ತು ಅವಳು ನಿನ್ನ ದೊಡ್ಡಮ್ಮ.”

ಬೀಡಿ ಕಟ್ಟುತ್ತಿದ್ದ ಚಿಕ್ಕಮ್ಮನ ಪಕ್ಕ ನನ್ನನ್ನು ಕೂರಿಸಿದರು. ಹೊಗೆಸೊಪ್ಪಿನ ಪುಡಿ ಮೂಗಿಗೇರಿದರೂ ಸೀನಲು ಹೆದರಿದೆ.

“ಈ ಹುಡುಗ ಯಾರ ಮಗ?” ಅಧಿಕಾರಿ ಕೇಳಿದ.

“ನನ್ನದೇ,” ಎಂದಳು ಚಿಕ್ಕಮ್ಮ. “ಮೂಗು ನೋಡಿದರೆ ಗೊತ್ತಾಗುದಿಲ್ವಾ?”

“ಅವನಿಗೆ ಬಾಯಿ ಉಂಟಲ್ಲ, ಅವನೇ ಹೇಳಲಿ.” ಕಂಬಕ್ಕೊರಗಿ ನಿಂತಿದ್ದ ಅಮ್ಮನತ್ತ ಕೈ ತೋರಿಸಿದ. “ಅವರು ನಿನಗೆ ಎಂತ ಆಗ್ಬೇಕು?”

ಅಮ್ಮ ನನ್ನನ್ನು ನೋಡಲಿಲ್ಲ. “ದೊಡ್ಡಮ್ಮ,” ಎಂದೆ.

ಅವನು ಹೊರಟು ಹೋದ ಮೇಲೆ ಅಮ್ಮ ಓಡಿಬಂದು ನನ್ನನ್ನು ಎತ್ತಿಕೊಂಡಳು.

“ಹೋದ ಮಗಾ ಅವ, ಹೋದ. ಇನ್ನು ಹೆದರಬೇಡ. ಒಮ್ಮೆ ಅಮ್ಮ ಅನ್ನು.”

ನಾನು ಅವಳ ಹೆಗಲ ಮೇಲಿಂದ ಅವನು ದಾಟಿ ಹೋದ ಅಂಗಳದ ದಣಪೆಯನ್ನೇ ನೋಡುತ್ತ, “ದೊಡ್ಡಮ್ಮ,” ಎಂದೆ.